ರಾಜಕೀಯ ದಮನ ನಿಂತ ಮೇಲೂ ಅದರ ಪರಿಣಾಮ ಮಕ್ಕಳು, ಮೊಮ್ಮಕ್ಕಳ ಮೇಲೆ ಉಳಿಯುವುದು ಹೇಗೆ?

ಅಪರಾಧವನ್ನು ವ್ಯಕ್ತಿಗಷ್ಟೇ ಅಲ್ಲದೆ ಅವನ ಮನೆತನಕ್ಕೂ ಅಂಟಿಸಿದಾಗ ದಮನವು ಆಸ್ತಿಯಂತೆ ಮುಂದಿನ ತಲೆಮಾರಿಗೆ ಇಳಿಯುತ್ತದೆ. ಇಂಡೊನೇಷ್ಯಾ ಇದಕ್ಕೆ ಸ್ಪಷ್ಟ ನಿದರ್ಶನ. ಅಲ್ಲಿ 1965-66ರಲ್ಲಿ ಕಮ್ಯುನಿಸ್ಟರೆಂಬ ಆರೋಪದ ಮೇಲೆ, ಸಾಮಾನ್ಯವಾಗಿ ಒಪ್ಪಿತವಾದ ಅಂದಾಜಿನಂತೆ, ಕನಿಷ್ಠ 5 ಲಕ್ಷ ಜನರ ಹತ್ಯೆಯಾಯಿತು. ಇನ್ನೂ ಲಕ್ಷಾಂತರ ಮಂದಿಯನ್ನು ಸೆರೆಗೆ ತಳ್ಳಲಾಯಿತು, ಅವರಲ್ಲಿ ಬಹುತೇಕರು ವಿಚಾರಣೆಯನ್ನೇ ಕಾಣಲಿಲ್ಲ.

ಬಿಡುಗಡೆಯಾದವರ ಗುರುತಿನ ಚೀಟಿಯ ಮೇಲೆ ‘ಮಾಜಿ ರಾಜಕೀಯ ಕೈದಿ’ ಎಂಬುದರ ಸಂಕ್ಷೇಪವಾಗಿ ಎರಡಕ್ಷರ ಮುದ್ರಿತವಾಗಿರುತ್ತಿದ್ದವು. 1980ರ ದಶಕದಲ್ಲಿ ಸುಹಾರ್ತೊ ಸರ್ಕಾರ ‘ಶುದ್ಧ ಪರಿಸರ’ ಎಂಬ ನೀತಿಯನ್ನು ಬಿಗಿಗೊಳಿಸಿತು (ಪರಿಸರವೆಂದರೆ ಇಲ್ಲಿ ಗಿಡಮರವಲ್ಲ, ಬಂಧುಬಳಗ). ಅದರಂತೆ ಅಪ್ಪನೋ ಅಜ್ಜನೋ ‘ಕಳಂಕಿತ’ನಾಗಿದ್ದರೆ, ಆ ಘಟನೆಯ ಕಾಲದಲ್ಲಿ ಹುಟ್ಟಿಯೂ ಇರದ ಮಕ್ಕಳಿಗೆ ಸೇನೆ ಮತ್ತು ಸರ್ಕಾರಿ ನೌಕರಿಯ ಬಾಗಿಲು ಮುಚ್ಚುತ್ತಿತ್ತು.

ಆದರೆ ನನ್ನ ಅಭಿಪ್ರಾಯದಲ್ಲಿ ನೌಕರಿಗಿಂತ ಆಳವಾದ ನಷ್ಟವೆಂದರೆ ಮೌನ: ಅಜ್ಜನ ಹೆಸರೆತ್ತಿದರೆ ಮಾತು ಮರೆಸುವ ಮನೆಯಲ್ಲಿ ಬೆಳೆದ ಮಗು, ಕಾರಣ ತಿಳಿಯದಿದ್ದರೂ ರಾಜಕೀಯದಿಂದ, ನೆರೆಯವರಿಂದ ದೂರ ಸರಿಯುವುದನ್ನು ಕಲಿಯುತ್ತದೆ.

ಸುಹಾರ್ತೊ 1998ರಲ್ಲಿ ಅಧಿಕಾರ ಬಿಟ್ಟರು. 2023ರ ಜನವರಿಯಲ್ಲಿ ಅಧ್ಯಕ್ಷ ಜೋಕೊ ವಿಡೊಡೊ ವಿಷಾದವನ್ನೂ ವ್ಯಕ್ತಪಡಿಸಿದರು. ಆದರೂ ಕಮ್ಯುನಿಸಂ ನಿಷೇಧಿಸಿದ 1966ರ ನಿರ್ಣಯ ರದ್ದಾಗಿಲ್ಲ.