ಡಿಸ್ನಿ ವರ್ಲ್ಡ್‌ಗೆ ಅಪ್ಪ-ಅಮ್ಮ, ಆರು ವರ್ಷದ ಮಗಳ ಜೊತೆ: ಯಾವ ಆ್ಯಪ್, ಯಾವ ಪಾಸ್, ಯಾವುದಕ್ಕೆ ದುಡ್ಡು ಬೇಡ?

ನೀವು ಕೇಳಿದ್ದು: ಮೇ ತಿಂಗಳಲ್ಲಿ ಬೆಂಗಳೂರಿನಿಂದ ಐದು ಜನ ಆರ್ಲ್ಯಾಂಡೊಗೆ. ಗಂಡ ಹೆಂಡತಿ, ಎಪ್ಪತ್ತರ ಆಸುಪಾಸಿನ ಅಪ್ಪ-ಅಮ್ಮ, 115 ಸೆಂ.ಮೀ. ಎತ್ತರದ ಮಗಳು. ನಾಲ್ಕು ದಿನ, ನಾಲ್ಕು ಪಾರ್ಕ್. ಎಷ್ಟು ಆ್ಯಪ್ ಹಾಕಿಕೊಳ್ಳಬೇಕು, ಮಾಮೂಲಿ ಸಾಲು ತಪ್ಪಿಸಲು ದುಡ್ಡು ಕೊಟ್ಟು ಹೋಗುವ ಲೈಟ್ನಿಂಗ್ ಲೇನ್‌ಗೆ ದುಡ್ಡು ಸುರಿಯಬೇಕಾ?

ಆ್ಯಪ್ ಒಂದೇ ಸಾಕು, ಡಿಸ್ನಿಯದೇ ಆದ ಮೈ ಡಿಸ್ನಿ ಎಕ್ಸ್‌ಪೀರಿಯನ್ಸ್. ಲೈಟ್ನಿಂಗ್ ಲೇನ್ ಪಾಸನ್ನು ಮ್ಯಾಜಿಕ್ ಕಿಂಗ್‌ಡಮ್ ಮತ್ತು ಹಾಲಿವುಡ್ ಸ್ಟುಡಿಯೋಸ್ ದಿನಗಳಿಗೆ ತಗೊಳ್ಳಿ, ಎಪ್‌ಕಾಟ್ ಮತ್ತು ಅನಿಮಲ್ ಕಿಂಗ್‌ಡಮ್‌ಗೆ ಬಿಡಿ. ಕಾರಣ ಮುಂದೆ ಹೇಳುತ್ತೇನೆ.

ಮೊದಲು ಒಂದು ಎಚ್ಚರಿಕೆ. ಯೂಟ್ಯೂಬ್‌ನಲ್ಲಿ, ಚಾಟ್‌ಬಾಟ್‌ಗಳಲ್ಲಿ ಸಿಗುವ ಸಲಹೆಯಲ್ಲಿ ಬಹಳಷ್ಟು ಹಳೆಯದು. ಸಾಲು ತಪ್ಪಿಸಲು ಉಚಿತವಾಗಿ ಸಿಗುತ್ತಿದ್ದ ಫಾಸ್ಟ್‌ಪಾಸ್ ಈಗಿಲ್ಲ. 2021ರ ಅಕ್ಟೋಬರ್‌ನಲ್ಲಿ ಅದರ ಬದಲಿಗೆ ಬಂದ, ದುಡ್ಡು ಕಟ್ಟಬೇಕಿದ್ದ ಜೀನೀ ಪ್ಲಸ್ ಕೂಡ ಇಲ್ಲ. 2024ರ ಜುಲೈ 24ರಿಂದ ಇರುವುದು ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಮತ್ತು ಸಿಂಗಲ್ ಪಾಸ್. ಯಾರಾದರೂ "ಬೆಳಿಗ್ಗೆ ಎದ್ದು ಜೀನೀ ಪ್ಲಸ್ ಕೊಳ್ಳಿ" ಅಂದರೆ ಆ ಪುಟವನ್ನು ಅಲ್ಲಿಗೇ ಮುಚ್ಚಿ. "ಟಿಕೆಟ್ ಜೊತೆ ಪಾರ್ಕ್ ರಿಸರ್ವೇಶನ್ ಕಡ್ಡಾಯ" ಅನ್ನುವುದೂ ಹಳೆಯ ಮಾತೇ. ದಿನಾಂಕವಿರುವ ಮಾಮೂಲಿ ಟಿಕೆಟ್‌ಗೆ 2024ರ ಜನವರಿಯಿಂದ ಅದು ಬೇಕಿಲ್ಲ.

ಈಗ ಪಾಸ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಬಿಡದಿಯ ವಂಡರ್‌ಲಾದಲ್ಲಿ ಫಾಸ್ಟ್‌ಟ್ರ್ಯಾಕ್ ಕೊಂಡು ನೇರ ಬೇರೆ ಸಾಲಿಗೆ ಹೋದ ಹಾಗೆ ಅಂದುಕೊಂಡರೆ ಇಲ್ಲಿ ತಪ್ಪಾಗುತ್ತದೆ. ಇದು ಸಮಯ ಕಾಯ್ದಿರಿಸುವ ವ್ಯವಸ್ಥೆ. ಮಲ್ಟಿ ಪಾಸ್‌ನಲ್ಲಿ ಒಂದು ಪಾರ್ಕ್‌ನ ಮೂರು ರೈಡ್ ಮುಂಚಿತವಾಗಿ ಆರಿಸಬಹುದು. ಒಂದೊಂದಕ್ಕೂ ಒಂದು ಗಂಟೆಯ ಅವಧಿ ಸಿಗುತ್ತದೆ. ಮೊದಲನೆಯದನ್ನು ಬಳಸಿದ ಮೇಲೆ ನಾಲ್ಕನೆಯದನ್ನು ಬುಕ್ ಮಾಡಬಹುದು, ಇನ್ನೊಂದು ಬಳಸಿದರೆ ಐದನೆಯದು, ಹೀಗೆ. ಒಂದು ರೈಡ್‌ಗೆ ದಿನಕ್ಕೆ ಒಂದೇ ಸಲ. ಟ್ರಾನ್, ಗಾರ್ಡಿಯನ್ಸ್, ರೈಸ್ ಆಫ್ ದಿ ರೆಸಿಸ್ಟೆನ್ಸ್, ಫ್ಲೈಟ್ ಆಫ್ ಪ್ಯಾಸೇಜ್‌ನಂಥ ದೊಡ್ಡ ರೈಡ್‌ಗಳು ಮಲ್ಟಿ ಪಾಸ್‌ನಲ್ಲಿ ಬರುವುದಿಲ್ಲ. ಅವಕ್ಕೆ ಸಿಂಗಲ್ ಪಾಸ್ ಬೇರೆ ಕೊಳ್ಳಬೇಕು, ದಿನಕ್ಕೆ ಹೆಚ್ಚೆಂದರೆ ಎರಡು. ಬೆಲೆ ದಿನ ಮತ್ತು ಪಾರ್ಕ್ ನೋಡಿ ಬದಲಾಗುತ್ತದೆ. ಮಲ್ಟಿ ಪಾಸ್‌ಗೆ ತಲೆಗೆ 20–30 ಡಾಲರ್ ಲೆಕ್ಕ ಇಟ್ಟುಕೊಳ್ಳಿ, ರಜೆಯ ದಿನಗಳಲ್ಲಿ ಅದಕ್ಕಿಂತ ಮೇಲೂ ಹೋಗುತ್ತದೆ.

ಬುಕಿಂಗ್ ತೆರೆಯುವುದು ಫ್ಲಾರಿಡಾದ ಬೆಳಿಗ್ಗೆ 7 ಗಂಟೆಗೆ. ಡಿಸ್ನಿಯ ಸ್ವಂತ ಹೋಟೆಲ್‌ನಲ್ಲಿ ಉಳಿಯುವವರಿಗೆ ಏಳು ದಿನ ಮುಂಚೆ, ಅದೂ ವಾಸ್ತವ್ಯದ ಎಲ್ಲ ದಿನಗಳಿಗೂ ಒಟ್ಟಿಗೆ. ಹೊರಗಿನ ಹೋಟೆಲ್‌ನವರಿಗೆ ಪ್ರತಿ ದಿನಕ್ಕೂ ಮೂರು ದಿನ ಮುಂಚೆ. ಮೇ ತಿಂಗಳಲ್ಲಿ ಅಲ್ಲಿನ 7 ಗಂಟೆ ಅಂದರೆ ನಮ್ಮ ಸಂಜೆ 4:30, ಚಳಿಗಾಲದಲ್ಲಾದರೆ 5:30. ನೀವು ಹೊರಡುವ ಮೊದಲೇ ಆ ದಿನ ಬಂದರೆ ಮನೆಯಲ್ಲೇ ಕಾಫಿ ಕುಡಿಯುತ್ತಾ ಮುಗಿಸಬಹುದು. ಪ್ರಯಾಣದ ನಡುವೆ ಬಿದ್ದರೆ ಮಾತ್ರ ಪೇಚಾಟ. ವಿಮಾನದ ಟಿಕೆಟ್ ತೆಗೆಯುವಾಗಲೇ ಈ ಗಳಿಗೆ ಎಲ್ಲಿ ಬೀಳುತ್ತದೆ ಎಂದು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಹೆಚ್ಚಿನವರು ಎಡವುವುದು ಸಮಯ ಆರಿಸುವಲ್ಲಿ. ಮೂರು ರೈಡ್ ಆರಿಸಿದ ತಕ್ಷಣ ಆ್ಯಪ್ ಒಂದಷ್ಟು ಸಮಯ ತೋರಿಸುತ್ತದೆ. ಅದನ್ನು ಹಾಗೇ ಒಪ್ಪಿಕೊಂಡರೆ ಮಧ್ಯಾಹ್ನ 2, ಸಂಜೆ 4, ರಾತ್ರಿ 7 ಅಂತ ಚದುರಿ ಬೀಳಬಹುದು. ಮೊದಲನೆಯದನ್ನು ಬಳಸುವ ತನಕ ನಾಲ್ಕನೆಯದು ತೆರೆಯುವುದಿಲ್ಲವಲ್ಲ, ಅರ್ಧ ದಿನ ಕೊಟ್ಟ ದುಡ್ಡು ಸುಮ್ಮನೆ ಕೂತಿರುತ್ತದೆ. ಆದ್ದರಿಂದ ಕನಿಷ್ಠ ಒಂದಾದರೂ 9:30ರಿಂದ 11ರ ಒಳಗೆ ಬರುವಂತೆ ಬದಲಿಸಿ. ಅದು ಚಿಕ್ಕ ರೈಡ್ ಆದರೂ ಚಿಂತೆಯಿಲ್ಲ, ಬೀಗ ತೆಗೆಯುವುದಷ್ಟೇ ಅದರ ಕೆಲಸ. ಬೇಕಾದ ಸಮಯ ಸಿಗದಿದ್ದರೆ ಇರುವುದನ್ನು ರದ್ದು ಮಾಡಬೇಡಿ. ಸಿಕ್ಕಿದ್ದನ್ನು ಹಿಡಿದುಕೊಂಡು, ಬಿಡುವಾದಾಗ ಬದಲಾವಣೆಯ ಪುಟ ತೆರೆದು ರಿಫ್ರೆಶ್ ಮಾಡುತ್ತಿರಿ. ಬೇರೆಯವರು ಬಿಟ್ಟ ಸಮಯಗಳು ಆಗಾಗ ಉದುರುತ್ತಿರುತ್ತವೆ.

ಮ್ಯಾಜಿಕ್ ಕಿಂಗ್‌ಡಮ್, ಎಪ್‌ಕಾಟ್, ಹಾಲಿವುಡ್ ಸ್ಟುಡಿಯೋಸ್‌ನಲ್ಲಿ ರೈಡ್‌ಗಳಿಗೆ ಎರಡು ಗುಂಪು ಮಾಡಿದ್ದಾರೆ. ಮುಂಗಡ ಬುಕಿಂಗ್‌ನಲ್ಲಿ ಮೊದಲ ಗುಂಪಿನಿಂದ ಒಂದು, ಎರಡನೆಯದರಿಂದ ಎರಡು. ಮೊದಲ ಪಾಸ್ ಬಳಸಿದ ಮೇಲೆ ಈ ಕಟ್ಟು ಸಡಿಲವಾಗುತ್ತದೆ. ನಿಮ್ಮ ಮನೆಯವರಿಗೆ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಮೊದಲ ಗುಂಪಿನಿಂದ ಪೀಟರ್ ಪ್ಯಾನ್ ಅಥವಾ ಜಂಗಲ್ ಕ್ರೂಸ್ ತಗೊಳ್ಳುವುದು ಸರಿ ಅನ್ನಿಸುತ್ತದೆ. ಎರಡಕ್ಕೂ ಎತ್ತರದ ಮಿತಿ ಇಲ್ಲ, ಕುಲುಕಾಟ ಇಲ್ಲ, ಅಜ್ಜಿ ತಾತನೂ ಹತ್ತಬಹುದು, ಮಾಮೂಲಿ ಸಾಲು ಮಾತ್ರ ಉದ್ದ. ಹಾಲಿವುಡ್ ಸ್ಟುಡಿಯೋಸ್‌ನಲ್ಲಿ ಸ್ಲಿಂಕಿ ಡಾಗ್ ಕೋಸ್ಟರ್ ಮೊದಲು ಖಾಲಿಯಾಗುವುದು, ಹಾಗಾಗಿ ಅದನ್ನೇ ಹಿಡಿಯಿರಿ. ಮಗಳಿಗೆ ಎತ್ತರ ಸಾಲುತ್ತದೆ, ಅಲ್ಲಿ 97 ಸೆಂ.ಮೀ. ಸಾಕು. ಟಾಯ್ ಸ್ಟೋರಿ ಮೇನಿಯಾ ಎರಡನೆಯ ಗುಂಪು, ಅದರಲ್ಲಿ ಐವರೂ ಆಡಬಹುದು.

ಅನಿಮಲ್ ಕಿಂಗ್‌ಡಮ್‌ಗೆ ಪಾಸ್ ಬೇಡ ಅಂದಿದ್ದೇಕೆಂದರೆ ಅಲ್ಲಿ ರೈಡ್‌ಗಳೇ ಕಡಿಮೆ. ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಸಫಾರಿ ಮುಗಿಸಿದರೆ ಬಿಸಿಲೇರುವ ಮುಂಚೆ ಪ್ರಾಣಿಗಳೂ ಕಾಣುತ್ತವೆ. ಎಪ್‌ಕಾಟ್‌ನಲ್ಲಿ ದಿನದ ಅರ್ಧ ಹೋಗುವುದು ದೇಶಗಳ ಮಂಟಪ ಸುತ್ತುವುದರಲ್ಲಿ ಮತ್ತು ತಿನ್ನುವುದರಲ್ಲಿ. ಡಿಸ್ನಿ ಹೋಟೆಲ್‌ನವರಿಗೆ ಪ್ರತಿದಿನ ಅರ್ಧ ಗಂಟೆ ಮುಂಚೆ ಪ್ರವೇಶವಿದೆ. ಆ ಅರ್ಧ ಗಂಟೆಯಲ್ಲಿ ಫ್ರಾನ್ಸ್ ಮಂಟಪದ ರೆಮಿ ರೈಡ್ ಮುಗಿಸಿಕೊಂಡರೆ ಪಾಸ್ ಕೊಂಡಿದ್ದರೆ ಸಿಗುತ್ತಿದ್ದುದರಲ್ಲಿ ಮುಖ್ಯವಾದದ್ದು ಬಿಟ್ಟಿಯಾಗಿ ಬಂದಂತೆ. ಹಿಂಬದಿಯ ಇಂಟರ್‌ನ್ಯಾಷನಲ್ ಗೇಟ್‌ವೇ ಬಾಗಿಲಿನಿಂದ ಒಳಹೋಗಿ, ಅದು ಹತ್ತಿರ.

ಪಾಸನ್ನು ಐವರಿಗೂ ಕೊಳ್ಳಲೇಬೇಕೆಂದಿಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಮ್ಯಾಜಿಕ್ ಕಿಂಗ್‌ಡಮ್‌ನ ಟ್ರಾನ್‌ಗೆ 122 ಸೆಂ.ಮೀ. ಬೇಕು, ಮಗಳು ಹತ್ತುವಂತಿಲ್ಲ, ಅಪ್ಪ-ಅಮ್ಮನಿಗೂ ಅದು ಬೇಡ. ಇಬ್ಬರಿಗಷ್ಟೇ ಸಿಂಗಲ್ ಪಾಸ್ ಸಾಕು. ಮಗುವನ್ನು ನೋಡಿಕೊಳ್ಳಲು ಅಜ್ಜಿ ತಾತ ಇರುವುದರಿಂದ, ದಂಪತಿ ಸರದಿ ಪ್ರಕಾರ ಹತ್ತುವ ರೈಡರ್ ಸ್ವಿಚ್ ಸೌಲಭ್ಯದ ಅಗತ್ಯವೂ ನಿಮಗೆ ಬರುವುದಿಲ್ಲ. ಸ್ಪೇಸ್ ಮೌಂಟನ್‌ಗೆ 112 ಸೆಂ.ಮೀ., ಮಗಳು ದಾಟುತ್ತಾಳೆ. ಆದರೆ ಅದು ಕತ್ತಲಲ್ಲಿ ಓಡುವ ಕೋಸ್ಟರ್. ಎತ್ತರ ಸಾಕಾದ ಮಾತ್ರಕ್ಕೆ ಧೈರ್ಯ ಸಾಕಾಗಬೇಕೆಂದಿಲ್ಲ, ಮೊದಲು ವೀಡಿಯೊ ತೋರಿಸಿ ಕೇಳಿ.

ಆ್ಯಪ್ ಸಜ್ಜು ಮಾಡುವುದು ಬೆಂಗಳೂರಿನಲ್ಲೇ ಆಗಬೇಕು. ಒಬ್ಬರ ಖಾತೆಯಲ್ಲಿ ಐದೂ ಹೆಸರು ಸೇರಿಸಿ, ಪ್ರತಿಯೊಬ್ಬರ ಹೆಸರಿನ ಕೆಳಗೂ ಟಿಕೆಟ್ ಕಾಣುತ್ತಿದೆಯಾ ನೋಡಿ. ಇಲ್ಲಿ ಆಗುವ ಎಡವಟ್ಟು ಏನೆಂದರೆ, ಹೆಂಡತಿ ತಮ್ಮ ಫೋನ್‌ನಲ್ಲಿ ಬೇರೆ ಖಾತೆ ತೆರೆದು, ನೀವು ನಿಮ್ಮದರಲ್ಲಿ ಅವರ ಹೆಸರು ಹೊಸದಾಗಿ ಹಾಕಿ, ಒಬ್ಬರೇ ಇಬ್ಬರಾಗಿರುತ್ತಾರೆ. ಟಿಕೆಟ್ ಒಂದು ಪ್ರೊಫೈಲ್‌ನಲ್ಲಿ, ಪಾಸ್ ಬುಕ್ ಮಾಡಲು ಹೊರಟದ್ದು ಇನ್ನೊಂದರಲ್ಲಿ. ಅದು ಗೊತ್ತಾಗುವುದು 7 ಗಂಟೆಗೇ.

ದುಡ್ಡು ಕಟ್ಟುವ ವಿಷಯ ಅದಕ್ಕಿಂತ ಮುಖ್ಯ. ಯುಪಿಐ ಅಲ್ಲಿ ನಡೆಯುವುದಿಲ್ಲ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಂತೆ ನಮ್ಮ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ನಾವಾಗಿ ಆನ್ ಮಾಡದೆ ಚಾಲೂ ಆಗುವುದಿಲ್ಲ. ಬ್ಯಾಂಕ್ ಆ್ಯಪ್‌ನಲ್ಲಿ ಆನ್‌ಲೈನ್ ಮತ್ತು ಅಂತರರಾಷ್ಟ್ರೀಯ ಎರಡನ್ನೂ ಆನ್ ಮಾಡಿ, ಮಿತಿ ಏರಿಸಿ, ಕಾರ್ಡ್ ವಿವರ ಡಿಸ್ನಿ ಆ್ಯಪ್‌ನಲ್ಲಿ ಮೊದಲೇ ಉಳಿಸಿಡಿ. ಓಟಿಪಿ ಕೇಳಿದರೆ ಅದು ಬರುವುದು ಭಾರತದ ಸಿಮ್‌ಗೆ, ಹಾಗಾಗಿ ಎಸ್‌ಎಂಎಸ್ ಬರುವಷ್ಟಾದರೂ ರೋಮಿಂಗ್ ಇರಲಿ. ಬೇರೆ ಬ್ಯಾಂಕಿನ ಎರಡನೇ ಕಾರ್ಡ್ ಒಂದು ಜೇಬಿನಲ್ಲಿರಲಿ.

ಲೈಟ್ನಿಂಗ್ ಲೇನ್ ಬಾಗಿಲಲ್ಲಿ ಪ್ರತಿಯೊಬ್ಬರೂ ತಮ್ಮ ಪಾಸ್ ಇರುವ ಫೋನ್, ಕಾರ್ಡ್ ಅಥವಾ ಬ್ಯಾಂಡ್ ಟ್ಯಾಪ್ ಮಾಡಬೇಕು. ಎಲ್ಲರದ್ದೂ ಒಂದೇ ಫೋನ್‌ನಲ್ಲಿಟ್ಟುಕೊಂಡರೆ ಒಬ್ಬೊಬ್ಬರಿಗೂ ಪಾಸ್ ಬದಲಿಸುತ್ತಾ ಹಿಂದಿನವರ ಗೊಣಗಾಟ ಕೇಳಬೇಕಾಗುತ್ತದೆ. ಅಪ್ಪ-ಅಮ್ಮನಿಗೆ ಪ್ಲಾಸ್ಟಿಕ್ ಟಿಕೆಟ್ ಕಾರ್ಡ್ ಅಥವಾ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಮ್ಯಾಜಿಕ್‌ಬ್ಯಾಂಡ್ ಕೊಡಿ. ಬಣ್ಣ ಬಣ್ಣವಾಗಿ ಮಿನುಗುವ ಮ್ಯಾಜಿಕ್‌ಬ್ಯಾಂಡ್ ಪ್ಲಸ್‌ಗೆ ಚಾರ್ಜ್ ಬೇಕು, ಮಗಳಿಗೆ ಖುಷಿ, ದೊಡ್ಡವರಿಗೆ ಅನಗತ್ಯ ಖರ್ಚು.

ಮಂಡಿನೋವು ಇರುವವರಿಗೆ ಸಾಲು ತಪ್ಪಿಸುವ ಪ್ರತ್ಯೇಕ ಪಾಸ್ ಸಿಗುತ್ತದಾ ಎಂದೂ ಕೇಳಿದ್ದೀರಿ. ಇಲ್ಲ. ಸಾಲಿನಲ್ಲಿ ನಿಲ್ಲಲಾಗದವರಿಗೆ ಡಿಸ್ನಿ ಕೊಡುವ ಡಿಎಎಸ್ ಅನ್ನುವ ಸೌಲಭ್ಯ 2024ರಿಂದ ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗೆ. ನಡೆಯಲು ಕಷ್ಟವಿದ್ದರೆ ಗಾಲಿಕುರ್ಚಿಯಲ್ಲೇ ಸಾಲಿನಲ್ಲಿ ಹೋಗಬಹುದು. ಪಾರ್ಕ್ ಬಾಗಿಲಲ್ಲಿ ಬಾಡಿಗೆಗೆ ಸಿಗುತ್ತದೆ, ಮೊದಲು ಬಂದವರಿಗೆ ಮೊದಲು. ನಾಲ್ಕೂ ದಿನ ಬೇಕಾದರೆ ಹೋಟೆಲ್‌ಗೇ ತಂದುಕೊಡುವ ಹೊರಗಿನ ಬಾಡಿಗೆದಾರರೇ ಲೇಸು, ಬಸ್ಸಿಳಿದು ಬಾಗಿಲ ತನಕವೂ ನಡಿಗೆ ಕಡಿಮೆಯೇನಿಲ್ಲ.

ಊಟಕ್ಕೆ ಮೊಬೈಲ್ ಆರ್ಡರ್ ನಿಜಕ್ಕೂ ಉಪಯೋಗದ್ದು. ಬೆಳಿಗ್ಗೆಯೇ 12:30ರ ಅವಧಿ ಹಿಡಿದಿಟ್ಟು, ಊಟದ ಕೌಂಟರ್ ಹತ್ತಿರ ಬಂದಾಗ "ಬಂದಿದ್ದೇನೆ" ಅನ್ನುವ ಗುಂಡಿ ಒತ್ತಿ. ಒತ್ತುವ ತನಕ ಅಡುಗೆ ಶುರುವಾಗುವುದಿಲ್ಲ, ಇದು ಗೊತ್ತಿಲ್ಲದೆ ಕೌಂಟರ್ ಮುಂದೆ ಕಾಯುತ್ತಾ ನಿಲ್ಲುವವರು ಬೇಕಾದಷ್ಟು ಜನ. ಮೆನುವಿನಲ್ಲಿ ಹಸಿರು ಎಲೆಯ ಗುರುತಿದ್ದರೆ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ತಿನಿಸು. ಹೊರಗಿನ ಊಟವನ್ನೂ ಒಯ್ಯಬಹುದು. ಗಾಜಿನ ಡಬ್ಬಿ ಬೇಡ, ಬಿಸಿ ಮಾಡಬೇಕಾದದ್ದು ಬೇಡ. ಚಪಾತಿ ಪಲ್ಯ, ಪುಳಿಯೋಗರೆಗೆ ಅಡ್ಡಿಯಿಲ್ಲ. ಕೂತು ಉಣ್ಣುವ ರೆಸ್ಟೋರೆಂಟ್‌ಗೆ 60 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ. ಭಾರತೀಯ ರುಚಿ ಬೇಕೆನಿಸಿದರೆ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ನೋಡಿ, ಅಲ್ಲಿನ ರೊಟ್ಟಿ-ಚಟ್ನಿಗಳ ತಟ್ಟೆ ಸಸ್ಯಾಹಾರಿಗಳಿಗೂ ಹೊಂದುತ್ತದೆ.

ಆ್ಯಪ್ ತೋರಿಸುವ ಕಾಯುವ ಸಮಯದ ಅಂಕಿಯನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಪಾರ್ಕ್ ಮುಚ್ಚುವ ಹೊತ್ತಿನಲ್ಲಿ ತೋರಿಸುವುದು ಎಷ್ಟೋ ಸಲ ನಿಜಕ್ಕಿಂತ ಹೆಚ್ಚಿರುತ್ತದೆ. ಕ್ಯೂ-ಟೈಮ್ಸ್ ವೆಬ್‌ಸೈಟ್‌ನಲ್ಲಿ ಹಿಂದಿನ ದಿನಗಳ ಗ್ರಾಫ್ ಸಿಗುತ್ತದೆ. ನೀವು ಹೋಗುವ ವಾರದ ದಿನವನ್ನೇ ನೋಡಿ ಸಾಲು ಯಾವ ಗಂಟೆಗೆ ಏರುತ್ತದೆ, ಯಾವಾಗ ಇಳಿಯುತ್ತದೆ ಅನ್ನುವುದನ್ನಷ್ಟೇ ಗಮನಿಸಿ.

ಮೇ ಕೊನೆಗೆ ಫ್ಲಾರಿಡಾದಲ್ಲಿ ಮಧ್ಯಾಹ್ನದ ಗುಡುಗು ಮಳೆ ಶುರುವಾಗುತ್ತದೆ. ಸಿಡಿಲು ಹತ್ತಿರವಿದ್ದರೆ ಬಯಲಿನ ರೈಡ್‌ಗಳು ನಿಲ್ಲುತ್ತವೆ, ಒಳಾಂಗಣದ ಸಾಲುಗಳು ಉಬ್ಬುತ್ತವೆ. ಸ್ಲಿಂಕಿಯಂಥ ಬಯಲಿನ ರೈಡ್‌ನ ಪಾಸ್ ಬೆಳಿಗ್ಗೆಯೇ ಇರಲಿ ಅನ್ನುವುದಕ್ಕೆ ಇದೂ ಕಾರಣ. ನಿಮ್ಮ ಮಲ್ಟಿ ಪಾಸ್ ಅವಧಿಯಲ್ಲೇ ರೈಡ್ ನಿಂತರೆ ಗಾಬರಿಯಾಗಿ ರದ್ದು ಮಾಡಬೇಡಿ. ಆ್ಯಪ್ ಅದನ್ನು ತಾನಾಗಿಯೇ ಹಲವು ರೈಡ್‌ಗಳಲ್ಲಿ ಯಾವುದಕ್ಕಾದರೂ ಬಳಸಬಹುದಾದ ಪಾಸ್ ಆಗಿ ಮಾರ್ಪಡಿಸುತ್ತದೆ. ರದ್ದು ಮಾಡಿದರೆ ಆ ಲಾಭ ಹೋಯಿತು.

ಇಷ್ಟೆಲ್ಲ ಒಂದೇ ಫೋನ್ ಮೇಲೆ ನಿಂತಿರುವುದರಿಂದ ಮಧ್ಯಾಹ್ನಕ್ಕೇ ಬ್ಯಾಟರಿ ಕೆಂಪಾಗುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕ್ ಒಂದು ಸಾಕು. ವಿಮಾನದಲ್ಲಿ ಅದನ್ನು ಕೈಚೀಲದಲ್ಲೇ ಇಡಿ, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. ಹೋಟೆಲ್ ಯಾವುದು ಅಂತ ಗೊತ್ತಾದ ಮೇಲೆ ಇಲ್ಲೇ ಕೆಳಗೆ ಬರೆಯಿರಿ, ಯಾವ ದಿನ ಯಾವ ಪಾರ್ಕ್ ಅನ್ನುವುದು ಅದರ ಮೇಲೆ ಬದಲಾಗುತ್ತದೆ.