ಶಿಫಾರಸು ಪತ್ರ ಕೊಟ್ಟ ಪ್ರೊಫೆಸರ್‌ಗೆ ಥ್ಯಾಂಕ್ಸ್ ಹೇಳೋದು ಹೇಗೆ?

ತುಮಕೂರಲ್ಲಿ ಇಂಜಿನಿಯರಿಂಗ್ ಮುಗಿಸಿ ಅಮೆರಿಕದಲ್ಲಿ ಎಂಎಸ್‌ಗೆ ಅರ್ಜಿ ಹಾಕಿದ್ದೀರಿ. ಪ್ರಾಜೆಕ್ಟ್ ಗೈಡ್ ಆರು ಯೂನಿವರ್ಸಿಟಿಗೆ ಪತ್ರ ಕೊಟ್ಟಿದ್ದಾರೆ, ಮೇಲ್ ಸಾಕಾ, ಗಿಫ್ಟ್ ಕೊಡಬೇಕಾ ಅಂತ ಕೇಳಿದ್ದೀರಿ.

ಮೇಲ್ ಬೇಕೇ ಬೇಕು. ಅದಕ್ಕೂ ಮುಂಚೆ ಆರೂ ಯೂನಿವರ್ಸಿಟಿಯ ಅರ್ಜಿ ಪೋರ್ಟಲ್‌ಗೆ ಲಾಗಿನ್ ಆಗಿ, ಸರ್ ಹೆಸರಿನ ಮುಂದೆ ಪತ್ರ ಬಂದಿದೆ ಅಂತ ಇದೆಯಾ ನೋಡಿ. ಪತ್ರ ಅಪ್‌ಲೋಡ್ ಮಾಡೋಕೆ ಅವರಿಗೆ ಒಂದೊಂದು ಯೂನಿವರ್ಸಿಟಿಯಿಂದ ಒಂದೊಂದು ಲಿಂಕ್ ಹೋಗಿರುತ್ತೆ. ಯಾವುದಾದರೂ ಸ್ಪ್ಯಾಮ್‌ನಲ್ಲಿ ಬಿದ್ದಿದ್ದರೆ ಅವರಿಗೂ ಗೊತ್ತಾಗಲ್ಲ. ಬಾಕಿ ಇದ್ದರೆ ಪೋರ್ಟಲ್‌ನಿಂದ ಲಿಂಕ್ ಮತ್ತೆ ಕಳಿಸಿ, ಗಡುವನ್ನು ನಮ್ಮ ಸಮಯದಲ್ಲಿ ತಿಳಿಸಿ. ಅಮೆರಿಕದ ಪೂರ್ವ ಭಾಗದ ಡಿಸೆಂಬರ್ 15ರ ರಾತ್ರಿ 11:59 ಅಂದರೆ ನಮಗೆ 16ರ ಬೆಳಿಗ್ಗೆ 10:29. ಈ ನೆನಪಿಸುವ ಮೇಲ್‌ನಲ್ಲಿ ಥ್ಯಾಂಕ್ಸ್ ಸೇರಿಸಬೇಡಿ, ಕೆಲಸ ಮಾಡಿಸಿಕೊಳ್ಳೋಕೆ ಹಾಕಿದ ಪೀಠಿಕೆ ಥರ ಕಾಣುತ್ತೆ.

ಎಲ್ಲ ತಲುಪಿದ ಮೇಲೆ ಎರಡು ಮೂರು ದಿನದೊಳಗೆ ಬರೆಯಿರಿ. ಬೇರೆಯವರೂ ಪತ್ರ ಕೊಟ್ಟಿದ್ದರೆ ಅವರಿಗೆ ಬೇರೆ ಮೇಲ್. ಒಂದರಲ್ಲೇ ಎಲ್ಲರನ್ನೂ ಹಾಕಬೇಡಿ. ಸಬ್ಜೆಕ್ಟ್‌ನಲ್ಲಿ ಹೆಸರು, ಯುಎಸ್‌ಎನ್ (ಕಾಲೇಜಿನ ನಿಮ್ಮ ನೋಂದಣಿ ಸಂಖ್ಯೆ) ಇರಲಿ. ಸರ್ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರೆ ಕನ್ನಡದಲ್ಲೇ ಬರೆಯಿರಿ, ಇಷ್ಟು ಸಾಕು:

"ಸರ್, ನಮಸ್ಕಾರ. ಆರೂ ಕಡೆ ನಿಮ್ಮ ಪತ್ರ ತಲುಪಿದೆ. ಇಂಟರ್ನಲ್ಸ್ ಪೇಪರ್ ತಿದ್ದೋ ಸಮಯದಲ್ಲಿ ಬಿಡುವು ಮಾಡಿಕೊಂಡು ಕೊಟ್ಟಿರಿ, ತುಂಬಾ ಥ್ಯಾಂಕ್ಸ್. ಪ್ರಾಜೆಕ್ಟ್‌ನಲ್ಲಿ ಸೆನ್ಸರ್ ರೀಡಿಂಗ್ ತಪ್ಪು ಬಂದಾಗ 'ಕೋಡ್ ಬಿಡು, ಮೊದಲು ವೈರಿಂಗ್ ನೋಡು' ಅಂದಿದ್ದಿರಿ. ಈಗಲೂ ಹಾಗೇ ಮಾಡುತ್ತೇನೆ. ಫಲಿತಾಂಶ ಬಂದ ಕೂಡಲೇ ತಿಳಿಸುತ್ತೇನೆ."

ಈ ಮೇಲ್‌ನ ಜೀವ ಇರೋದು ವೈರಿಂಗ್‌ನ ಮಾತಿನಲ್ಲಿ. ನಿಮ್ಮ ಪ್ರಾಜೆಕ್ಟ್‌ನಲ್ಲೂ ಅಂಥದ್ದೊಂದು ಇದ್ದೇ ಇರುತ್ತೆ, ಕೂತು ನೆನಪಿಸಿಕೊಳ್ಳಿ. "ನಿಮ್ಮ ಅಮೂಲ್ಯ ಮಾರ್ಗದರ್ಶನ" ಅಂತ ಬರೆದರೆ ಅದು ಯಾವ ವಿದ್ಯಾರ್ಥಿಯ ಮೇಲ್ ಬೇಕಾದರೂ ಆಗಬಹುದು.

ಪತ್ರದಲ್ಲಿ ಏನು ಬರೆದಿರಿ ಅಂತ ಮಾತ್ರ ಕೇಳಬೇಡಿ. ಪತ್ರ ನೋಡುವ ಹಕ್ಕು ಬಿಟ್ಟುಕೊಟ್ಟಿದ್ದೇನೆ ಅಂತ ಅರ್ಜಿಯಲ್ಲಿ ಟಿಕ್ ಹಾಕಿದ್ದರೆ, ಆಮೇಲೆ ಕೇಳಿದಾಗ ಅವರಿಗೇ ಇಕ್ಕಟ್ಟು.

ಗಿಫ್ಟ್ ವೋಚರ್, ದುಬಾರಿ ಪೆನ್ ಬೇಡ. ಪತ್ರಕ್ಕೆ ಬೆಲೆ ಕಟ್ಟಿದ ಹಾಗಾಗುತ್ತೆ. ಗುಬ್ಬಿ, ತಿಪಟೂರು ಕಡೆಯವರಾದರೆ, ಅರ್ಜಿಗಳೆಲ್ಲ ಮುಗಿದ ಮೇಲೆ, ತೋಟದ ನಾಲ್ಕು ತೆಂಗಿನಕಾಯಿ ತೆಗೆದುಕೊಂಡು ಹೋಗಿ ಮಾತಾಡಿಸಿ ಬನ್ನಿ. ಕ್ಲಾಸ್ ಇಲ್ಲದ ಹೊತ್ತು ಕೇಳಿಕೊಂಡು ಹೋಗಿ.

ಹೆಚ್ಚಿನವರು ಮರೆಯೋದು ಎರಡನೇ ಮೇಲ್. ಎಲ್ಲಿ ಸೀಟ್ ಸಿಕ್ಕಿತು, ಎಲ್ಲಿ ಆಗಲಿಲ್ಲ, ಯಾವುದಕ್ಕೆ ಸೇರುತ್ತಿದ್ದೀರಿ, ಮೂರನ್ನೂ ಬರೆಯಿರಿ. ಎಲ್ಲೂ ಸಿಗದಿದ್ದರೂ ಬರೆಯಿರಿ. ಮುಂದಿನ ಬ್ಯಾಚ್‌ನವರು ಪತ್ರ ಕೇಳಿಕೊಂಡು ಬಂದಾಗ, ಎಲ್ಲಿಗೆ ಹಾಕಿದರೆ ಒಳ್ಳೆಯದು ಅಂತ ಸರ್ ಹೇಳೋದು ಇಂಥ ಮೇಲ್‌ಗಳನ್ನು ನೋಡಿಯೇ.