ಬೈಕಿನವರ ಪುಸ್ತಕದ ಕಪಾಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೈಕ್ ಹುಚ್ಚಿನ ಓದುಗರಿಗೆ ಈ ಸಲ ನಾವು ಕೇಳಿದ್ದು ಇಷ್ಟೇ: ಈಗ ಯಾವ ಪುಸ್ತಕ ಓದುತ್ತಿದ್ದೀರಿ, ಓದುವಾಗ ಎಲ್ಲಿ ಸಿಕ್ಕಿಹಾಕಿಕೊಂಡಿರಿ? ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇವೆ.

ಪಿರ್ಸಿಗ್ ಅವರ 'ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್' ಅರ್ಧ ಮುಗಿದಿದೆ. ರಿಪೇರಿ ಯಾವಾಗ ಶುರುವಾಗುತ್ತದೆ ಸರ್? (ತುಮಕೂರು)

ಶುರುವಾಗುವುದೇ ಇಲ್ಲ ಅಂದುಕೊಂಡು ಓದಿ, ನಿರಾಸೆ ಕಡಿಮೆಯಾಗುತ್ತದೆ. ಮೋಟಾರ್‌ಸೈಕಲ್ ವಿಷಯದಲ್ಲಿ ಈ ಪುಸ್ತಕವನ್ನು ಅಷ್ಟಾಗಿ ನಂಬಬೇಡಿ ಎಂದು ಲೇಖಕರೇ ಆರಂಭದಲ್ಲಿ ಹೇಳಿಬಿಟ್ಟಿದ್ದಾರೆ. 1968ರಲ್ಲಿ ಮಗನನ್ನು ಹಿಂದೆ ಕೂರಿಸಿಕೊಂಡು ಮಿನ್ನೆಸೋಟಾದಿಂದ ಕ್ಯಾಲಿಫೋರ್ನಿಯಾಕ್ಕೆ ಹೋದ ದಾರಿ ಅದರ ಎಳೆ. ಪುಸ್ತಕ ಬಂದದ್ದು 1974ರಲ್ಲಿ. ಆ ಪ್ರಯಾಣದ ಹೋಂಡಾ ಬೈಕ್ ಈಗ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ.

ಆದರೆ ಸೈಡ್ ಕವರಿನ ಸ್ಕ್ರೂ ಬಿಗಿದುಕೊಂಡು ಬಿಚ್ಚಲಾಗದೆ ಕೂರುವ ಭಾಗವನ್ನು ಬಿಡಬೇಡಿ. ಹತ್ತು ರೂಪಾಯಿಯ ಸ್ಕ್ರೂ ಒಂದು ಇಡೀ ಬೈಕನ್ನು ನಿಲ್ಲಿಸಿಬಿಡುತ್ತದೆ ಎಂಬುದು ಅಲ್ಲಿನ ಮಾತು. ಪುಸ್ತಕ ಅಲ್ಲಿಂದ ತತ್ವಕ್ಕೆ ಹೊರಳುತ್ತದೆ, ನಾವು ಸ್ಕ್ರೂ ಹತ್ತಿರವೇ ಇರೋಣ. ಹಳೆಯ ಜಪಾನೀ ಬೈಕುಗಳ ಪ್ಲಸ್ ಸ್ಕ್ರೂ ನೋಡಲು ಫಿಲಿಪ್ಸ್ ಥರವೇ ಇದ್ದರೂ ಅದು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯದು. ತಲೆಯ ಮೇಲೆ ಒಂದು ಸಣ್ಣ ಚುಕ್ಕಿ ಇದ್ದರೆ ಅದೇ ಗುರುತು. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಇಳಿಯುವುದಿಲ್ಲ, ತಿರುಗಿಸಿದೊಡನೆ ಜಾರಿ ಮೇಲೆದ್ದು ತಲೆಯನ್ನು ಸವೆಸುತ್ತದೆ. ಜೆಐಎಸ್ ಬಿಟ್ ತನ್ನಿ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಆಯಿಲ್ ಬಿಟ್ಟಿಡಿ. ಬೆಳಿಗ್ಗೆ ಇಂಪ್ಯಾಕ್ಟ್ ಡ್ರೈವರ್ (ಏಟು ಬಿದ್ದಾಗ ತಾನೇ ತಿರುಗುವ ಸ್ಕ್ರೂಡ್ರೈವರ್) ಇಟ್ಟು ಸುತ್ತಿಗೆಯಿಂದ ಒಂದೇ ನೇರ ಏಟು. ಆಗಲೂ ಜಗ್ಗದಿದ್ದರೆ ಆಯಿಲ್ ಪೂರ್ತಿ ಒರೆಸಿ, ಪೆಟ್ರೋಲ್ ದೂರವಿಟ್ಟು, ಹಾಟ್ ಏರ್ ಗನ್‌ನಿಂದ ಕವರ್ ಬಿಸಿ ಮಾಡಿ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ.

ನಾನು ಓದುತ್ತಿರುವುದು ಕಥೆ ಪುಸ್ತಕವಲ್ಲ, ಅಪ್ಪನ ಎಜ್ಡಿಯ ಹಳೇ ಮ್ಯಾನುಯಲ್. ಟಾರ್ಕ್ (ಬೋಲ್ಟ್ ಎಷ್ಟು ಬಿಗಿಯಬೇಕೆಂಬ ಅಳತೆ) ಎಲ್ಲ ಕೆ.ಜಿ. ಮೀಟರಿನಲ್ಲಿದೆ, ನನ್ನ ರೆಂಚಿನಲ್ಲಿ ನ್ಯೂಟನ್ ಮೀಟರ್. ಪೆಟ್ರೋಲಿಗೆ ಆಯಿಲ್ 1:25 ಅಂತಿದೆ. (ಮೈಸೂರು)

ಈ ತಿಂಗಳ ಪತ್ರಗಳಲ್ಲಿ ನಮಗೆ ಅತಿ ಹೆಚ್ಚು ಹಿಡಿಸಿದ ಓದು ಇದು. ಎಜ್ಡಿ ತಯಾರಿಸುತ್ತಿದ್ದ ನಿಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದ್ದು. ಆ ಮ್ಯಾನುಯಲ್ಲಿನ ಜೆರಾಕ್ಸ್ ಒಂದನ್ನು ಗ್ಯಾರೇಜಿಗೆ ಇಟ್ಟುಕೊಂಡು ಮೂಲ ಪ್ರತಿಯನ್ನು ಮನೆಯೊಳಗಿಡಿ, ಗ್ರೀಸ್ ಕೈ ತಾಗಬಾರದು.

ಕೆ.ಜಿ. ಮೀಟರನ್ನು 9.8ರಿಂದ ಗುಣಿಸಿದರೆ ನ್ಯೂಟನ್ ಮೀಟರ್. 2.5 ಅಂತಿದ್ದರೆ ಸುಮಾರು 24.5. ಕೆಲವು ಪುಟಗಳಲ್ಲಿ ಕೆ.ಜಿ. ಸೆಂಟಿಮೀಟರ್ ಇರಬಹುದು, ಅಂಥ ಕಡೆ ಮೊದಲು ನೂರರಿಂದ ಭಾಗಿಸಿ. ಈ ಒಂದು ಹೆಜ್ಜೆ ತಪ್ಪಿದರೆ ಬೋಲ್ಟ್ ಕತ್ತರಿಸಿಯೇ ಹೋಗುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಕೋಷ್ಟಕದ ಅಳತೆ ಒಣ ಥ್ರೆಡ್‌ಗೆ ಎಂದೇ ತಿಳಿಯಿರಿ. ಆಯಿಲ್ ಸವರಿ ಅದೇ ಅಳತೆಗೆ ಬಿಗಿದರೆ ಘರ್ಷಣೆ ಕಡಿಮೆಯಾಗಿ ಬೋಲ್ಟ್ ಬೇಕಾದ್ದಕ್ಕಿಂತ ಹೆಚ್ಚು ಎಳೆಯಲ್ಪಡುತ್ತದೆ. ಇಂಜಿನ್ ಕೇಸಿನ ಅಲ್ಯೂಮಿನಿಯಂ ಥ್ರೆಡ್ ಸ್ಲಿಪ್ ಆಗುವುದು ಹೆಚ್ಚಾಗಿ ಹೀಗೇ. ಸಿಲಿಂಡರ್ ಹೆಡ್ಡಿನ ನಟ್‌ಗಳನ್ನು ಒಂದೇ ಸಲಕ್ಕೆ ಬಿಗಿಯಬೇಡಿ. ಎದುರುಬದುರಾಗಿ, ಮೂರು ಸುತ್ತಿನಲ್ಲಿ ಏರಿಸಿ. ದೊಡ್ಡ ಕ್ಲಿಕ್ ರೆಂಚಿನ (ಇಟ್ಟ ಅಳತೆ ಮುಟ್ಟಿದಾಗ ಕ್ಲಿಕ್ ಎನ್ನುವ ಟಾರ್ಕ್ ರೆಂಚ್) ಅಳತೆಯ ಕೆಳಗಿನ ತುದಿಯನ್ನು ನೆಚ್ಚಬೇಡಿ, ಸಣ್ಣ ಬೋಲ್ಟಿಗೆ ಸಣ್ಣ ರೆಂಚ್ ಬೇಕು.

ಇನ್ನು ಪೆಟ್ರೋಲಿಗೆ ಬೆರೆಸುವ ಆಯಿಲಿನ 1:25. ಇದನ್ನು ಲೀಟರಿಗೆ 25 ಎಂ.ಎಲ್. ಎಂದು ಓದಿ ಪಿಸ್ಟನ್ ಹಿಡಿಸಿಕೊಂಡವರು ಕಡಿಮೆಯಿಲ್ಲ. 25 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್, ಅಂದರೆ ಲೀಟರಿಗೆ 40 ಎಂ.ಎಲ್. ಇರಲಿ ಅಂತ ಇನ್ನೂ ಹೆಚ್ಚು ಸುರಿಯುವುದೂ ಬೇಡ. ಪ್ಲಗ್ ಮಸಿ ಕಟ್ಟುತ್ತದೆ, ಸೈಲೆನ್ಸರ್ ಕಟ್ಟಿಕೊಳ್ಳುತ್ತದೆ. ಜೊತೆಗೆ ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ (ಇಂಧನ ಹಾಯುವ ಸಣ್ಣ ತೂತು) ಹಾದುಹೋಗುವ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಇಳಿದು ಇಂಜಿನ್ ಇನ್ನಷ್ಟು ಕಾಯುತ್ತದೆ. ಬೇರೆ ಕ್ಯಾನಿನಲ್ಲಿ ಬೆರೆಸಿ, ಅಲುಗಾಡಿಸಿ, ಆಮೇಲೆ ಟ್ಯಾಂಕಿಗೆ ಹಾಕಿ. ನೇರ ಟ್ಯಾಂಕಿಗೇ ಸುರಿದ ಆಯಿಲ್ ತಳಕ್ಕಿಳಿದು ಮೊದಲು ಕಾರ್ಬ್ಯುರೇಟರನ್ನೇ ಸೇರುತ್ತದೆ.

ಡೇವಿಡ್ ಹಫ್ ಅವರ 'ಪ್ರೊಫಿಷಿಯೆಂಟ್ ಮೋಟಾರ್‌ಸೈಕ್ಲಿಂಗ್' ಓದುತ್ತಿದ್ದೇನೆ. ತಿರುವಿನ ಚಿತ್ರಗಳು ನಮ್ಮ ಘಾಟಿಗೆ ತಾಳೆಯಾಗುತ್ತಿಲ್ಲ. (ಶಿವಮೊಗ್ಗ)

ಕನ್ನಡಿ ಹಿಡಿದು ನೋಡಿ, ತಾಳೆಯಾಗುತ್ತದೆ! ಅಮೆರಿಕದಲ್ಲಿ ಗಾಡಿ ಓಡುವುದು ರಸ್ತೆಯ ಬಲಗಡೆ. ಅಲ್ಲಿನ ಪುಸ್ತಕದಲ್ಲಿ ಎಡ ಎಂದಿರುವ ಕಡೆಯೆಲ್ಲ ಪೆನ್ಸಿಲಿನಿಂದ ಬಲ ಎಂದು ಬರೆದುಕೊಳ್ಳಿ. ನಿಮ್ಮ ದಾರಿಗೆ ಅಡ್ಡವಾಗಿ ಎಡಕ್ಕೆ ತಿರುಗುವ ಕಾರಿನ ಬಗ್ಗೆ ಅವರು ಪದೇ ಪದೇ ಎಚ್ಚರಿಸುತ್ತಾರೆ. ನಮ್ಮಲ್ಲಿ ಅದು ಎದುರಿನಿಂದ ಬಂದು ಬಲಕ್ಕೆ ತಿರುಗುವ ಗಾಡಿ.

ಕನ್ನಡಿ ಹಿಡಿದರೂ ಸಾಲದ ಜಾಗ ಒಂದಿದೆ. ಮುಂದೇನಿದೆ ಕಾಣದ ಎಡ ತಿರುವಿನಲ್ಲಿ ದೂರದವರೆಗೆ ಕಾಣಲೆಂದು ನಿಮ್ಮ ಲೇನಿನ ಬಲ ಅಂಚಿಗೆ ಬನ್ನಿ ಎಂಬುದು ಪುಸ್ತಕದ ಲೆಕ್ಕ. ಆಗುಂಬೆಯಂಥ ಘಾಟಿಯಲ್ಲಿ ಅದೇ ಮಧ್ಯದ ಗೆರೆ ದಾಟಿ ಬಸ್ಸು ಬರುತ್ತದೆ. ಅಲ್ಲಿ ಲೇನಿನ ನಡುವಿಗೇ ಇರಿ, ವೇಗವನ್ನೇ ಇಳಿಸಿ: ಕಣ್ಣಿಗೆ ಕಾಣುವ ರಸ್ತೆಯೊಳಗೆ ನಿಲ್ಲಿಸಲು ಆಗುವಷ್ಟು ಮಾತ್ರ. ಬ್ರೇಕಿನ ಕೆಲಸ ತಿರುವಿಗೆ ಮುಂಚೆಯೇ ಮುಗಿಯಲಿ.

ಪ್ರವಾಸದ ಪುಸ್ತಕ ಒಂದೇ ಕೊಳ್ಳುವುದಾದರೆ? (ದುಬೈ)

ಟೆಡ್ ಸೈಮನ್ ಅವರ 'ಜುಪಿಟರ್ಸ್ ಟ್ರಾವೆಲ್ಸ್'. 500 ಸಿಸಿ ಟ್ರಯಂಫ್, 1973ರಿಂದ ನಾಲ್ಕು ವರ್ಷ, ಭಾರತವೂ ದಾರಿಯಲ್ಲಿದೆ. ಚೆ ಗೆವಾರ ಅವರ 'ದಿ ಮೋಟಾರ್‌ಸೈಕಲ್ ಡೈರೀಸ್' ಅನ್ನು ಬೈಕಿಗಾಗಿ ಕೊಳ್ಳಬೇಡಿ, ಅವರ ನಾರ್ಟನ್ ಬೈಕ್ ಚಿಲಿಯಲ್ಲೇ ಕೈಕೊಡುತ್ತದೆ. ಉಳಿದದ್ದು ಲಾರಿ, ಕಾಲ್ನಡಿಗೆ, ತೆಪ್ಪ. ಪುಸ್ತಕವಾಗಿ ಚೆನ್ನಾಗಿದೆ, ಅದು ಬೇರೆ ಮಾತು.

ಮಳೆಗಾಲದ ರೈಡಿಗೆ ಪುಸ್ತಕ ಒಯ್ದರೆ ಪ್ರತಿ ಸಲ ಒದ್ದೆ. ಹೆಲ್ಮೆಟ್ಟಿನೊಳಗೆ ಆಡಿಯೊ ಪುಸ್ತಕ ಕೇಳಬಹುದೆ? (ಸಕಲೇಶಪುರ)

ಎರಡನೆಯದಕ್ಕೆ ಬೇಡ ಎಂದೇ ಉತ್ತರ. ಬೈಕ್ ರೈಡಿಂಗ್ ತರಬೇತುದಾರ ಕೀತ್ ಕೋಡ್ ತಮ್ಮ 'ಎ ಟ್ವಿಸ್ಟ್ ಆಫ್ ದಿ ರಿಸ್ಟ್'ನಲ್ಲಿ ಗಮನವನ್ನು ಹತ್ತು ಡಾಲರಿನ ನೋಟಿಗೆ ಹೋಲಿಸುತ್ತಾರೆ: ಒಂದು ಕಡೆ ಐದು ಖರ್ಚಾದರೆ ಉಳಿಯುವುದು ಐದೇ. ಒದ್ದೆ ರಸ್ತೆಗೆ ಹತ್ತೂ ಬೇಕು.

ಪುಸ್ತಕ ಒದ್ದೆಯಾಗುವುದು ಹೊರಗಿನ ಮಳೆಯಿಂದ ಮಾತ್ರವಲ್ಲ, ಬ್ಯಾಗಿನೊಳಗಿನ ಹಸಿ ಬಟ್ಟೆಯಿಂದಲೂ. ರೇನ್ ಕವರ್ ಅದನ್ನು ತಡೆಯದು. ಜಿಪ್‌ಲಾಕ್ ಚೀಲದಲ್ಲಿ ಒಂದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಅದನ್ನು ಇನ್ನೊಂದು ಚೀಲದಲ್ಲಿ ಬಾಯಿ ಕೆಳಗಾಗಿ ಇಳಿಸಿ. ಸೈಲೆನ್ಸರ್ ಕಡೆಯ ಸೈಡ್ ಬ್ಯಾಗ್ ಬೇಡ, ಬಿಸಿಗೆ ಬೈಂಡಿಂಗಿನ ಅಂಟು ಮೆತ್ತಗಾಗಿ ಹಾಳೆ ಉದುರುತ್ತವೆ. ಒದ್ದೆಯಾಗಿಯೇ ಹೋದರೆ ಬಿಸಿಲಿಗಿಡದೆ, ನಾಲ್ಕೈದು ಹಾಳೆಗೊಂದು ಟಿಶ್ಯೂ ಇಟ್ಟು, ಫ್ಯಾನಿನಡಿ ನಿಲ್ಲಿಸಿ. ಟಿಶ್ಯೂವನ್ನು ಗಂಟೆಗೊಮ್ಮೆ ಬದಲಿಸಿ.